ಹಾಸನದಿಂದ ಥೀಮ್ ಪಾರ್ಕಿಗೆ: ಟಿಕೆಟ್ ತೆಗೆಯುವ ಮುನ್ನ ಹಾಕಬೇಕಾದ ಲೆಕ್ಕ

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಪರೀಕ್ಷೆ ಮುಗಿಯುವ ಹೊತ್ತಿಗೆ ಮಕ್ಕಳು ಮುಂದಿಡುವ ಬೇಡಿಕೆಗಳಲ್ಲಿ ಬಿಡದಿಯ ವಂಡರ್‌ಲಾ ಮೊದಲ ಸಾಲಿನಲ್ಲಿರುತ್ತದೆ. ಸ್ವಲ್ಪ ಅನುಕೂಲವಿರುವ ಮನೆಗಳಲ್ಲಿ ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ಅಥವಾ ಹಾಂಗ್‌ಕಾಂಗ್‌ನ ಡಿಸ್ನಿಲ್ಯಾಂಡ್ ಮಾತೂ ಬರುತ್ತದೆ. ಟಿಕೆಟ್ ದರ ನೋಡಿದ ಹಿರಿಯರು ಒಂದು ದಿನದ ಕುಣಿತಕ್ಕೆ ಇಷ್ಟು ದುಡ್ಡೇ ಎಂದು ಕೇಳುವುದು ಸಹಜ. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಒಂದೇ ಪಾರ್ಕಿಗೆ, ಒಂದೇ ತಿಂಗಳಲ್ಲಿ ಹೋಗಿಬಂದ ಎರಡು ಕುಟುಂಬಗಳಲ್ಲಿ ಒಂದಕ್ಕೆ ದುಡ್ಡು ದಂಡವಾಗಿರಬಹುದು, ಇನ್ನೊಂದಕ್ಕೆ ಕೊಟ್ಟ ಪ್ರತಿ ರೂಪಾಯಿಯೂ ಸಂದಿರಬಹುದು. ಈ ವ್ಯತ್ಯಾಸಕ್ಕೆ ಟಿಕೆಟ್ ದರಕ್ಕಿಂತ ಹೆಚ್ಚಾಗಿ ಮಕ್ಕಳ ಎತ್ತರ, ಹೋಗುವ ವಾರ ಮತ್ತು ಸಾಲಿನಲ್ಲಿ ನಿಲ್ಲುವ ಸಮಯ ಕಾರಣವಾಗುತ್ತವೆ. ಈ ಮೂರನ್ನೂ ಮನೆಯಲ್ಲೇ ಕುಳಿತು ಅಳೆಯಬಹುದಾದ ಕಾರಣ ಈ ಬರಹದಲ್ಲಿ ಅದರ ಕ್ರಮವನ್ನು ಒಂದೊಂದಾಗಿ ವಿವರಿಸಲಾಗಿದೆ.

ಅದಕ್ಕೂ ಮುನ್ನ, ನಮ್ಮ ಭಾಗದಲ್ಲಿ ಪದೇ ಪದೇ ಕೇಳಿಬರುವ ಒಂದು ಆಕ್ಷೇಪವಿದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಸಕಲೇಶಪುರದ ಮಂಜರಾಬಾದ್ ಕೋಟೆ, ಗೊರೂರಿನ ಹೇಮಾವತಿ ಅಣೆಕಟ್ಟು ಎಲ್ಲವೂ ಮನೆಯ ಹಿತ್ತಲಲ್ಲೇ ಇರುವಾಗ ಸಿಮೆಂಟಿನ ಗುಡ್ಡ ನೋಡಲು ಬಿಡದಿಗೆ ಹೋಗಬೇಕೇ ಎಂಬುದು ಆ ಆಕ್ಷೇಪ. ಕೇಳಲು ಇದು ಸರಿಯೆನಿಸುತ್ತದೆ, ಆದರೆ ಇದು ಬೆಂಗಳೂರಿನವರಿಗೆ ಹೇಳಬೇಕಾದ ಮಾತು. ವಾರಾಂತ್ಯದಲ್ಲಿ ಅವರು ನಮ್ಮ ಗುಡ್ಡಗಳಿಗೆ ಎಷ್ಟು ಮುಗಿಬೀಳುತ್ತಾರೆಂದರೆ 2025ರಿಂದ ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ಪ್ರವಾಸಿ ವಾಹನಗಳು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕಾಗಿದೆ. ಮೂಡಿಗೆರೆಯ ಮಗುವಿಗೆ ಮಂಜು, ಝರಿ, ಜಿಗಣೆ ಯಾವುದೂ ಹೊಸದಲ್ಲ. ಆ ಮಗು ಕಾಣದಿರುವುದು ವೇಗವನ್ನು, ಯಂತ್ರವನ್ನು, ಕೃತಕ ಅಲೆಯನ್ನು. ಪ್ರವಾಸ ಎಂದರೆ ಊರಲ್ಲಿ ಇಲ್ಲದ್ದನ್ನು ನೋಡುವುದೇ ಆಗಿದ್ದರೆ ಮಲೆನಾಡಿನ ಮಗುವಿಗೆ ರೋಲರ್ ಕೋಸ್ಟರ್ ಬಯಸುವ ಹಕ್ಕು ಖಂಡಿತ ಇದೆ.

ಮೊದಲ ಹೆಜ್ಜೆ: ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ

ಪಾರ್ಕ್ ಆಯ್ಕೆ ಮಾಡುವ ಮೊದಲು ಅಳತೆ ಟೇಪು ಹಿಡಿದು ಮಕ್ಕಳ ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ದೊಡ್ಡ ರೈಡುಗಳ ಬಾಗಿಲಲ್ಲಿ ನಿಂತ ಸಿಬ್ಬಂದಿ ಮಗುವಿನ ವಯಸ್ಸನ್ನಾಗಲಿ ಧೈರ್ಯವನ್ನಾಗಲಿ ಕೇಳುವುದಿಲ್ಲ. ಅಲ್ಲಿ ಒಂದು ಗುರುತು ಇರುತ್ತದೆ, ಮಗುವಿನ ತಲೆ ಅದನ್ನು ಮುಟ್ಟದಿದ್ದರೆ ಪ್ರವೇಶವಿಲ್ಲ. ಸುರಕ್ಷತಾ ಪಟ್ಟಿ ಮತ್ತು ಸರಳುಗಳು ಒಂದು ಅಳತೆಯ ದೇಹಕ್ಕೆಂದೇ ತಯಾರಾಗಿರುವುದರಿಂದ ಈ ವಿಚಾರದಲ್ಲಿ ಗೋಗರೆತಕ್ಕೆ ಅವಕಾಶವಿಲ್ಲ, ಇರಲೂಬಾರದು. ಪ್ರತಿ ಪಾರ್ಕೂ ತನ್ನ ಜಾಲತಾಣದಲ್ಲಿ ಯಾವ ರೈಡಿಗೆ ಎಷ್ಟು ಎತ್ತರ ಬೇಕೆಂಬ ಪಟ್ಟಿಯನ್ನು ಹಾಕಿರುತ್ತದೆ. ಆ ಪಟ್ಟಿಯನ್ನು ತೆರೆದು, ನಿಮ್ಮ ಮಗು ಹತ್ತಬಹುದಾದ ರೈಡುಗಳನ್ನು ಎಣಿಸಿ. ಮಗು ಯಾವ ರೈಡಿನ ವಿಡಿಯೊ ನೋಡಿ ಆಸೆಪಟ್ಟಿದೆಯೋ ಅದೇ ಆ ಎಣಿಕೆಯಲ್ಲಿ ಸೇರದಿದ್ದರೆ ಒಂದೆರಡು ವರ್ಷ ಕಾಯುವುದೇ ಲೇಸು. ಐದು ವರ್ಷದ ಮಗು ಅಪ್ಪನ ಹೆಗಲ ಮೇಲೆ ಕುಳಿತು ಅಕ್ಕ ಆಡುವುದನ್ನು ದಿನವಿಡೀ ನೋಡುತ್ತಿರುವ ಪ್ರವಾಸದಲ್ಲಿ ಸಂತೋಷಕ್ಕಿಂತ ಅಳುವೇ ಹೆಚ್ಚು.

ಎತ್ತರಕ್ಕೂ ಟಿಕೆಟ್ ದರಕ್ಕೂ ನೇರ ಸಂಬಂಧವಿದೆ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ತೀರ್ಮಾನವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಆದ್ದರಿಂದ ಏಳನೆಯ ತರಗತಿಯ ಉದ್ದನೆಯ ಹುಡುಗಿಗೆ ದೊಡ್ಡವರ ದರ ಬೀಳಬಹುದು. ವಿದೇಶದ ಪಾರ್ಕುಗಳಲ್ಲಿ ಹೆಚ್ಚಾಗಿ ವಯಸ್ಸಿನ ಲೆಕ್ಕವಿದೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 3 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, 3ರಿಂದ 9 ವರ್ಷದವರಿಗೆ ಮಕ್ಕಳ ದರ, 10 ತುಂಬಿದರೆ ದೊಡ್ಡವರ ದರ. ಮಕ್ಕಳ ದರಕ್ಕೂ ದೊಡ್ಡವರ ದರಕ್ಕೂ ಅಲ್ಲಿ ವ್ಯತ್ಯಾಸ ಬಹಳ ಕಡಿಮೆ ಎಂಬುದು ಬೇರೆ ಮಾತು.

ಮನೆಯ ಹಿರಿಯರ ವಿಚಾರವನ್ನೂ ಈ ಹಂತದಲ್ಲೇ ಮಾತನಾಡಿಕೊಳ್ಳಬೇಕು. ಹೃದ್ರೋಗ, ಅಧಿಕ ರಕ್ತದೊತ್ತಡ, ಬೆನ್ನುನೋವು ಇರುವವರನ್ನೂ ಗರ್ಭಿಣಿಯರನ್ನೂ ವೇಗದ ರೈಡುಗಳಿಗೆ ಬಿಡುವುದಿಲ್ಲ. ಆದರೆ ಒಳಗೆ ಬರಲು ಅವರಿಗೂ ಟಿಕೆಟ್ ಬೇಕು. ಹಿರಿಯ ನಾಗರಿಕರಿಗೆ ರಿಯಾಯಿತಿ ಇದ್ದರೂ ದಿನವಿಡೀ ಕಲ್ಲುಬೆಂಚಿನ ಮೇಲೆ ಎಲ್ಲರ ಚಪ್ಪಲಿ, ಚೀಲ ಕಾಯಲು ಅಜ್ಜಿಯನ್ನು ಕರೆದೊಯ್ಯುವುದು ಗೌರವವೂ ಅಲ್ಲ, ಉಳಿತಾಯವೂ ಅಲ್ಲ. ಅವರನ್ನು ಬೆಂಗಳೂರಿನ ನೆಂಟರ ಮನೆಯಲ್ಲಿ ಬಿಟ್ಟು, ಹಿಂದಿರುಗುವಾಗ ಬೆಳ್ಳೂರು ಕ್ರಾಸ್ ಸಮೀಪದ ಆದಿಚುಂಚನಗಿರಿಗೆ ಕರೆದೊಯ್ದರೆ ಅವರ ಪಾಲಿನ ಪ್ರವಾಸವೂ ಆದಂತಾಗುತ್ತದೆ.

ಎರಡನೆಯ ಹೆಜ್ಜೆ: ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಖರ್ಚು ಬರೆಯಿರಿ

ಟಿಕೆಟ್ ದರವನ್ನಷ್ಟೇ ನೋಡಿ ನಿರ್ಧರಿಸುವುದು ಬಹುಮಂದಿ ಮಾಡುವ ಲೆಕ್ಕ. ಹಾಸನದಿಂದ ಹೊರಡುವವರಿಗೆ ಅದು ಅರ್ಧ ಲೆಕ್ಕ ಮಾತ್ರ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ದರಗಳು ಲೆಕ್ಕದ ಸಲುವಾಗಿ ಊಹಿಸಿಕೊಂಡವು, ನೀವು ಹೋಗುವ ದಿನದ ದರವನ್ನು ಪಾರ್ಕಿನ ಜಾಲತಾಣದಲ್ಲಿ ನೋಡಿ ಅದೇ ಜಾಗದಲ್ಲಿ ಬರೆದುಕೊಳ್ಳಿ. ಗಂಡ, ಹೆಂಡತಿ, ಎಂಟನೆಯ ತರಗತಿಯ ಮಗಳು, ಎರಡನೆಯ ತರಗತಿಯ ಮಗ ಮತ್ತು ಅಜ್ಜಿ, ಹೀಗೆ ಐದು ಜನ. ದೊಡ್ಡವರ ಟಿಕೆಟ್ 1,500 ರೂಪಾಯಿ, ಮಕ್ಕಳದು 1,200, ಹಿರಿಯರದು 1,100 ಎಂದಿಟ್ಟುಕೊಂಡರೆ, ಮಗಳಿಗೂ ದೊಡ್ಡವರ ದರ ಬೀಳುವುದರಿಂದ ಟಿಕೆಟ್ಟಿಗೆ 6,800 ರೂಪಾಯಿ ಆಯಿತು. ಸ್ವಂತ ಕಾರಿನಲ್ಲಿ ಹೋಗಿಬರಲು ಸುಮಾರು 340 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ, ಲೀಟರ್ ಪೆಟ್ರೋಲಿಗೆ 103 ರೂಪಾಯಿಯಂತೆ, 2,300 ರೂಪಾಯಿ. ಟೋಲ್ 300, ಪಾರ್ಕಿನೊಳಗಿನ ಊಟ ತಲೆಗೆ 350ರಂತೆ 1,750, ದಾರಿಯ ತಿಂಡಿ ಕಾಫಿ 800, ಲಾಕರ್ ಮತ್ತು ನೀರಿನ ಆಟದ ಬಟ್ಟೆ 800, ಐಸ್‌ಕ್ರೀಮು, ಫೋಟೊ, ಆಟಿಕೆ 800. ಒಟ್ಟು 13,550 ರೂಪಾಯಿ. ಇದರಲ್ಲಿ ಟಿಕೆಟ್ ಪಾಲು ಸರಿಸುಮಾರು ಅರ್ಧ. ರಾತ್ರಿ ತಂಗಿದರೆ ಕೊಠಡಿಯ ಬಾಡಿಗೆ ಬೇರೆ.

ಈ ಪಟ್ಟಿಯನ್ನು ಬರೆದ ಮೇಲೆ ಎಲ್ಲಿ ಕತ್ತರಿ ಹಾಕಬಹುದೆಂಬುದು ತಾನಾಗಿ ಕಾಣುತ್ತದೆ. ಟಿಕೆಟ್ಟಿನಲ್ಲಿ ಉಳಿಸಲು ತಿಂಗಳುಗಟ್ಟಲೆ ರಿಯಾಯಿತಿ ಕೂಪನ್ ಹುಡುಕುವವರು ಲಾಕರ್ ಮುಂದೆ ನಿಂತು ನೈಲಾನ್ ಚಡ್ಡಿಗೆ ಕೇಳಿದಷ್ಟು ಕೊಟ್ಟುಬಿಡುತ್ತಾರೆ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ, ಜೀನ್ಸ್, ಸೀರೆ ಉಟ್ಟು ಇಳಿಯುವಂತಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಅದನ್ನು ನಿಮ್ಮೂರಿನ ಬಟ್ಟೆ ಅಂಗಡಿಯಲ್ಲಿ ಮೊದಲೇ ಕೊಂಡರೆ ಮುಂದಿನ ವರ್ಷಕ್ಕೂ ಬರುತ್ತದೆ. ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಬುತ್ತಿ ಕಟ್ಟುವ ಯೋಚನೆ ಫಲಿಸದು. ಆದರೆ ಬೆಳಗಿನ ತಿಂಡಿಯನ್ನು ಪಾರ್ಕಿನ ಹೊರಗೆ ಮುಗಿಸಬಹುದು. ಬಿಡದಿಯ ತಟ್ಟೆ ಇಡ್ಲಿ ಇರುವಾಗ ಅದಕ್ಕಾಗಿ ಕೊರಗಬೇಕಾಗಿಯೂ ಇಲ್ಲ.

ಕಾರು ಇಲ್ಲದವರಿಗೆ, ಅಥವಾ ಇದ್ದೂ ಓಡಿಸಲು ಮನಸ್ಸಿಲ್ಲದವರಿಗೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಮೇಲಿನ ಕುಟುಂಬದಲ್ಲಿ ತಾಯಿ, ಮಗಳು, ಅಜ್ಜಿ ಮೂವರಿಗೂ ಕೆಎಸ್ಆರ್‌ಟಿಸಿಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಬೆಂಗಳೂರಿನವರೆಗೆ ಶೂನ್ಯ ಟಿಕೆಟ್. ತಂದೆಗೆ ಒಂದು ಪೂರ್ತಿ, ಮಗನಿಗೆ ಒಂದು ಅರ್ಧ ಟಿಕೆಟ್ ತೆಗೆದರೆ ಸಾಕು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ, ಗುರುತಿನ ಚೀಟಿಯೂ ಜೊತೆಯಲ್ಲಿರಬೇಕು. ಬೆಂಗಳೂರು ತಲುಪಿ ಮೈಸೂರು ರಸ್ತೆಯ ಬಸ್ಸು ಹಿಡಿದು, ಕೊನೆಯ ತುಣುಕಿಗೆ ಆಟೊ ಮಾಡಿಕೊಳ್ಳಬೇಕಾದ್ದರಿಂದ ಬಸ್ಸಿನವರು ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿ ತಂಗುವುದು ಅನಿವಾರ್ಯ. ನೆಂಟರ ಮನೆ ಇದ್ದರೆ ಮಾತ್ರ ಇದು ನಿಜವಾದ ಉಳಿತಾಯ.

ಮೂರನೆಯ ಹೆಜ್ಜೆ: ದಿನವನ್ನು ಆರಿಸುವುದು

ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ವ್ಯತ್ಯಾಸ ಮಾಡುವುದು ಈ ಹೆಜ್ಜೆ, ಹಾಗಾಗಿ ಇದಕ್ಕೆ ಹೆಚ್ಚು ಸಮಯ ಕೊಡಬೇಕು. ಪಾರ್ಕ್ ದಿನಕ್ಕೆ ಏಳು ಗಂಟೆ ತೆರೆದಿರುತ್ತದೆ ಎಂದಿಟ್ಟುಕೊಳ್ಳಿ, ಅಂದರೆ 420 ನಿಮಿಷ. ಊಟಕ್ಕೆ 45 ನಿಮಿಷ, ಬಟ್ಟೆ ಬದಲಾವಣೆ ಮತ್ತು ಲಾಕರಿಗೆ 45 ನಿಮಿಷ, ಶೌಚಾಲಯ, ನೀರು, ಅಳುವ ಮಗುವನ್ನು ಸಮಾಧಾನಪಡಿಸುವುದು ಇತ್ಯಾದಿಗೆ ಇನ್ನೊಂದು 10 ನಿಮಿಷ ತೆಗೆದರೆ 320 ನಿಮಿಷ ಉಳಿಯುತ್ತದೆ. ಭಾನುವಾರದಂದು ಒಂದು ದೊಡ್ಡ ರೈಡಿಗೆ 40 ನಿಮಿಷ ಸಾಲಿನಲ್ಲಿ ನಿಂತು, ಆಡಿ ಇಳಿದು ಮುಂದಿನದಕ್ಕೆ ನಡೆಯಲು 10 ನಿಮಿಷ ಹಿಡಿದರೆ ಇಡೀ ದಿನದಲ್ಲಿ ಸಿಗುವುದು ಆರು ರೈಡು. ಜನವಿಲ್ಲದ ಮಂಗಳವಾರ ಸಾಲು 10 ನಿಮಿಷಕ್ಕೆ ಇಳಿದರೆ ಅದೇ ಸಮಯದಲ್ಲಿ ಹದಿನಾರು ರೈಡು. ಭಾನುವಾರದ ಟಿಕೆಟ್ 1,800, ಮಂಗಳವಾರದ್ದು 1,500 ಎಂದರೆ, ಒಂದು ರೈಡಿಗೆ ಭಾನುವಾರ 300 ರೂಪಾಯಿ, ಮಂಗಳವಾರ ಸುಮಾರು 94 ರೂಪಾಯಿ ಕೊಟ್ಟಂತಾಯಿತು. ಟಿಕೆಟ್ ದರದಲ್ಲಿ ಕಾಣುವ ವ್ಯತ್ಯಾಸ 300 ರೂಪಾಯಿ ಮಾತ್ರ, ಸಿಕ್ಕ ಆಟದಲ್ಲಿ ವ್ಯತ್ಯಾಸ ಮೂರು ಪಟ್ಟಿಗೆ ಹತ್ತಿರ.

ವಾರದ ದಿನವೆಂದಾಕ್ಷಣ ಜನ ಕಡಿಮೆ ಇರುತ್ತಾರೆಂದು ನಂಬಬೇಡಿ. ನವೆಂಬರಿನಿಂದ ಜನವರಿಯವರೆಗೆ ರಾಜ್ಯದ ಶಾಲೆಗಳೆಲ್ಲ ಶೈಕ್ಷಣಿಕ ಪ್ರವಾಸ ಹೊರಡುವ ಕಾಲ. ಆ ತಿಂಗಳುಗಳಲ್ಲಿ ಬುಧವಾರವೂ ಪಾರ್ಕಿನ ಮುಂದೆ ಶಾಲಾ ಬಸ್ಸುಗಳು ಸಾಲುಗಟ್ಟಿರುತ್ತವೆ. ಕಾಫಿ ತೋಟದ ಮನೆಗಳಿಗಂತೂ ಆ ಕಾಲ ಮೊದಲೇ ಹೊಂದುವುದಿಲ್ಲ. ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು, ಕಣದಲ್ಲಿ ಒಣಗುವ ಹಣ್ಣು, ಆಳುಗಳ ಲೆಕ್ಕ ಬಿಟ್ಟು ಯಾರೂ ಅಲುಗಾಡುವಂತಿರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಜೆಯ ಜನಸಂದಣಿಯ ಜೊತೆಗೆ ಬೆಂಗಳೂರು ಸುತ್ತಮುತ್ತ ಸಂಜೆಯ ಗುಡುಗು ಮಳೆಯೂ ಬರುತ್ತದೆ. ಗುಡುಗು ಮಿಂಚು ಶುರುವಾದರೆ ಬಯಲಿನ ಎತ್ತರದ ರೈಡುಗಳನ್ನು ನಿಲ್ಲಿಸುತ್ತಾರೆ.

ನಮ್ಮ ಕಡೆಯವರಿಗೆ ಹೇಳಿಮಾಡಿಸಿದ ಕಾಲ ಜೂನ್ ಕೊನೆಯಿಂದ ಜುಲೈ. ಶಾಲೆಗಳು ಆಗತಾನೆ ಆರಂಭವಾಗಿರುತ್ತವೆ, ಶಾಲಾ ಪ್ರವಾಸಗಳು ಇನ್ನೂ ಶುರುವಾಗಿರುವುದಿಲ್ಲ, ಆಷಾಢವಾದ್ದರಿಂದ ಮದುವೆ, ಗೃಹಪ್ರವೇಶಗಳ ಓಡಾಟವೂ ಇರುವುದಿಲ್ಲ. ಮೂಡಿಗೆರೆ, ಸಕಲೇಶಪುರಗಳಲ್ಲಿ ಜಡಿಮಳೆ ಹಿಡಿದು ತೋಟದಲ್ಲಿ ಕಾಲಿಡಲಾಗದ ದಿನಗಳಲ್ಲಿ ಬಿಡದಿಯ ಕಡೆ ಮೋಡ ಮುಸುಕಿದ ಆಕಾಶ, ಆಗೊಮ್ಮೆ ಈಗೊಮ್ಮೆ ತುಂತುರು ಅಷ್ಟೇ ಇರುವುದು ಹೆಚ್ಚು. ಘಟ್ಟದ ಈಚೆಗೆ ಬಂದಷ್ಟೂ ನೈಋತ್ಯ ಮುಂಗಾರಿನ ಬಲ ತಗ್ಗುತ್ತದೆ. ಇದಕ್ಕಾಗಿ ಮಗುವಿಗೆ ಒಂದು ದಿನ ಶಾಲೆಗೆ ರಜೆ ಹಾಕಿಸಬೇಕಾದೀತು. ಈ ಲೇಖಕನ ಅಭಿಪ್ರಾಯದಲ್ಲಿ ವರ್ಷಕ್ಕೊಂದು ದಿನದ ಅಂಥ ರಜೆಯಿಂದ ಯಾರ ವಿದ್ಯೆಯೂ ಕೆಡುವುದಿಲ್ಲ, ಶಿಕ್ಷಕರಿಗೆ ಸುಳ್ಳು ಜ್ವರದ ಚೀಟಿ ಬರೆಯುವ ಅಗತ್ಯವೂ ಇಲ್ಲ.

ನಾಲ್ಕನೆಯ ಹೆಜ್ಜೆ: ಸಾಲು ತಪ್ಪಿಸುವ ಟಿಕೆಟ್ ಬೇಕೇ ಎಂದು ತೀರ್ಮಾನಿಸಿ

ಥೀಮ್ ಪಾರ್ಕುಗಳು ಈಗ ಎರಡು ಸರಕುಗಳನ್ನು ಮಾರುತ್ತವೆ: ಒಳಗೆ ಹೋಗುವ ಹಕ್ಕು ಒಂದು, ಕಾಯದಿರುವ ಹಕ್ಕು ಇನ್ನೊಂದು. ಈ ಬದಲಾವಣೆಯ ಜಾಡು ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೆ ಒಂದು ಡಾಲರ್ ಕೊಟ್ಟು, ರೈಡುಗಳಿಗೆ ಬೇರೆ ಚೀಟಿ ಕೊಳ್ಳಬೇಕಿತ್ತು. ನಮ್ಮ ಜಾತ್ರೆಗಳಲ್ಲಿ ಜೈಂಟ್ ವೀಲಿಗೆ, ಕೊಲಂಬಸ್ಸಿಗೆ ಇಂದಿಗೂ ನಡೆಯುತ್ತಿರುವ ಕ್ರಮ ಅದೇ. 1971ರಲ್ಲಿ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದಾಗ ಪ್ರವೇಶ ಮೂರೂವರೆ ಡಾಲರ್. ಹಣದುಬ್ಬರ ಸೇರಿಸಿದರೆ ಅದು ಇಂದಿನ 27 ಡಾಲರಿನ ಆಸುಪಾಸು. 1980ರ ದಶಕದ ಆರಂಭದಲ್ಲಿ ಒಂದೇ ಟಿಕೆಟ್ಟಿಗೆ ಎಲ್ಲ ರೈಡು ಎಂಬ ಪದ್ಧತಿ ಬಂತು. 1999ರಲ್ಲಿ ಸಾಲು ತಪ್ಪಿಸುವ ಫಾಸ್ಟ್‌ಪಾಸ್ ಬಂದಾಗ ಅದು ಉಚಿತವಾಗಿತ್ತು. 2016ರಿಂದ ದಿನಕ್ಕೆ ತಕ್ಕಂತೆ ಟಿಕೆಟ್ ದರ ಏರಿಳಿಯತೊಡಗಿತು. ಕೋವಿಡ್ ಬಳಿಕ, 2021ರಲ್ಲಿ, ಉಚಿತ ಫಾಸ್ಟ್‌ಪಾಸ್ ಹೋಗಿ ಅದೇ ಸೌಲಭ್ಯಕ್ಕೆ ಹಣ ಕೊಡಬೇಕಾಯಿತು. ಈಗ ಅತ್ಯಂತ ಜನಸಂದಣಿಯ ದಿನಗಳಲ್ಲಿ ಅಲ್ಲಿ ಬರಿಯ ಪ್ರವೇಶಕ್ಕೇ ತಲೆಗೆ 200 ಡಾಲರ್ ದಾಟುತ್ತದೆ, ಕಾಯದಿರುವ ಹಕ್ಕು ಅದರ ಮೇಲೆ.

ಇದೇ ಕ್ರಮ ನಮ್ಮ ಪಾರ್ಕುಗಳಿಗೂ ಬಂದಿದೆ. ವಾರಾಂತ್ಯಕ್ಕೆ ಒಂದು ದರ, ವಾರದ ದಿನಕ್ಕೆ ಒಂದು ದರ, ಬೇಗ ಹತ್ತಲು ಫಾಸ್ಟ್‌ಟ್ರ್ಯಾಕ್ ಎಂದು ಇನ್ನೊಂದು ದರ. ಇಲ್ಲಿ ನಿಯಮ ಸರಳ. ಜೂನ್, ಜುಲೈ ತಿಂಗಳ ವಾರದ ದಿನ ಹೋಗುತ್ತಿದ್ದರೆ ಫಾಸ್ಟ್‌ಟ್ರ್ಯಾಕ್ ಕೊಳ್ಳಬೇಡಿ, ಇಲ್ಲದ ಸಾಲನ್ನು ತಪ್ಪಿಸಲು ದುಡ್ಡು ಕೊಟ್ಟಂತಾಗುತ್ತದೆ. ದಸರಾ ರಜೆಯಲ್ಲೋ ಕ್ರಿಸ್‌ಮಸ್ ವಾರದಲ್ಲೋ ಹೋಗಲೇಬೇಕಾದ ಅನಿವಾರ್ಯತೆ ಇದ್ದರೆ, ದೊಡ್ಡ ರೈಡುಗಳನ್ನು ಆಡುವ ಇಬ್ಬರಿಗಷ್ಟೇ ಅದನ್ನು ಕೊಂಡರೆ ಸಾಕು. ತಂದೆತಾಯಿಗೆ ತಲೆಸುತ್ತು ಬರುವ ಅಭ್ಯಾಸವಿದ್ದರೆ ಅವರ ಹೆಸರಿನಲ್ಲಿ ಆ ಟಿಕೆಟ್ ತೆಗೆಯುವುದು ವ್ಯರ್ಥ. ಈ ಲೆಕ್ಕ ಹಾಕಿದ ಮೇಲೂ ಖರ್ಚು ಮಿತಿ ಮೀರಿದರೆ ದಿನ ಬದಲಿಸಿ, ಪಾರ್ಕ್ ಬದಲಿಸುವ ಮಾತು ಆಮೇಲೆ.

ಐದನೆಯ ಹೆಜ್ಜೆ: ಯಾವ ಪಾರ್ಕ್

ಮೊದಲ ಬಾರಿಗೆ ಹೋಗುವವರಿಗೆ, ಅದರಲ್ಲೂ ಹತ್ತು ವರ್ಷದೊಳಗಿನ ಮಕ್ಕಳಿರುವವರಿಗೆ, ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಸಾಕು. ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರ ಮಾರ್ಗವಾಗಿ ಸುಮಾರು 115 ಕಿಲೋಮೀಟರ್, ಹಾಸನದಿಂದ ಮೈಸೂರಿಗೆ ನೇರ ರೈಲೂ ಇದೆ. ಗಾತ್ರದಲ್ಲಿ ಚಿಕ್ಕದು, ಆದರೆ ನೀರಿನ ಆಟಕ್ಕೆ ಕೊರತೆಯಿಲ್ಲ. ಮರುದಿನ 1892ರಿಂದ ಇರುವ ಮೃಗಾಲಯವನ್ನೂ ನೋಡಿ ಬರಬಹುದು, ಮಂಗಳವಾರ ಅದಕ್ಕೆ ರಜೆ ಎಂಬುದು ನೆನಪಿರಲಿ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಭಕ್ತರಿಂದ ಮೈಸೂರಿನ ಬಸ್ಸು, ಕೊಠಡಿ ತುಂಬಿರುತ್ತವೆ, ಆ ದಿನ ಬೇಡ.

ಮಕ್ಕಳು ಹೈಸ್ಕೂಲು ಮುಟ್ಟಿದ್ದರೆ 2005ರಲ್ಲಿ ಆರಂಭವಾದ ಬಿಡದಿಯ ವಂಡರ್‌ಲಾ ಸರಿಯಾದ ಆಯ್ಕೆ. ಬೆಂಗಳೂರು ಪೇಟೆಯೊಳಗೆ ಹೋಗದೆ ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ಅಲ್ಲಿಂದ ಮಾಗಡಿ ಮೂಲಕ ಬಿಡದಿಗೆ ಇಳಿಯಬಹುದು. ನೆಲಮಂಗಲದ ವಾಹನ ದಟ್ಟಣೆ ತಪ್ಪುತ್ತದೆ. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ, ಮುಂಬೈ-ಪುಣೆ ಹೆದ್ದಾರಿಯ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾ ಇವೆರಡೂ ಚೆನ್ನಾಗಿಯೇ ಇವೆ. ಆದರೆ ಹಾಸನದಿಂದ ಅಷ್ಟು ದೂರ ಹೋಗುವುದು ಪಾರ್ಕೊಂದಕ್ಕಾಗಿ ಆಗಬಾರದು. ಆ ಊರುಗಳಲ್ಲಿ ಬೇರೆ ಕೆಲಸ ಅಥವಾ ನೆಂಟಸ್ತನ ಇದ್ದರೆ ಒಂದು ದಿನ ಸೇರಿಸಿಕೊಳ್ಳಿ.

ಆರನೆಯ ಹೆಜ್ಜೆ: ವಿದೇಶದ ಪಾರ್ಕಾದರೆ ಪ್ರಶ್ನೆಯನ್ನೇ ಬದಲಿಸಿ

ಸಿಂಗಪುರ ಅಥವಾ ಹಾಂಗ್‌ಕಾಂಗ್ ಪ್ರವಾಸದಲ್ಲಿ ವಿಮಾನ ಮತ್ತು ಹೋಟೆಲಿನ ಮುಂದೆ ಪಾರ್ಕಿನ ಟಿಕೆಟ್ ಸಣ್ಣ ಪಾಲು. ಆದ್ದರಿಂದ ಪಾರ್ಕ್ ಆ ಬೆಲೆಗೆ ಯೋಗ್ಯವೇ ಎಂದು ಕೇಳಿ ಪ್ರಯೋಜನವಿಲ್ಲ. ಆ ಪಾರ್ಕನ್ನು ಪಟ್ಟಿಯಿಂದ ತೆಗೆದರೂ ಆ ಊರಿಗೆ ಹೋಗಲು ನಿಮಗೆ ಮನಸ್ಸಿದೆಯೇ ಎಂದು ಕೇಳಿಕೊಳ್ಳಿ. ಇದೆ ಎಂದಾದರೆ ಒಂದು ದಿನದ ಟಿಕೆಟ್ ಸೇರಿಸುವುದು ದೊಡ್ಡ ಮಾತಲ್ಲ. ಇಲ್ಲ ಎಂದಾದರೆ, ಏಳು ಗಂಟೆಯ ಆಟಕ್ಕಾಗಿ ಐದು ದಿನದ ಖರ್ಚು ಮಾಡುತ್ತಿದ್ದೀರಿ ಎಂದರ್ಥ, ಮತ್ತು ಆ ಏಳು ಗಂಟೆಯಲ್ಲೂ ಸಾಲುಗಳು ಇದ್ದೇ ಇರುತ್ತವೆ.

ಹೋಗುವುದೇ ಆದರೆ ಕಾಗದಪತ್ರಗಳನ್ನು ಆರು ತಿಂಗಳ ಮುಂಚೆ ಆರಂಭಿಸಿ. ಪಾಸ್‌ಪೋರ್ಟಿಗೆ ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಸಮಯ ಕಾದಿರಿಸಬಹುದು. ಸಾಮಾನ್ಯ ಕ್ರಮದಲ್ಲಿ ದೊಡ್ಡವರಿಗೆ 1,500 ರೂಪಾಯಿ, ಅಪ್ರಾಪ್ತರಿಗೆ 1,000 ರೂಪಾಯಿ ಶುಲ್ಕ. ಹದಿನೈದು ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್ ಹೆಚ್ಚೆಂದರೆ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಸಿಂಗಪುರಕ್ಕೆ ವೀಸಾ ಬೇಕು. ಹಾಂಗ್‌ಕಾಂಗ್‌ಗೆ 14 ದಿನದೊಳಗಿನ ಭೇಟಿಯಾದರೆ ಭಾರತೀಯರು ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿದರೆ ಸಾಕು. ಆ ನೋಂದಣಿ ಉಚಿತ, ಅದನ್ನು ಮಾಡಿಕೊಡುವೆವೆಂದು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳ ಅಗತ್ಯವಿಲ್ಲ. ಅಬುಧಾಬಿಯ ಯಾಸ್ ದ್ವೀಪದಲ್ಲಿ ಡಿಸ್ನಿ ಪಾರ್ಕ್ ಬರಲಿದೆಯೆಂದು 2025ರ ಮೇ ತಿಂಗಳಲ್ಲಿ ಘೋಷಣೆಯಾಗಿದೆ. ಯಾವುದಾದರೂ ಪ್ಯಾಕೇಜಿನಲ್ಲಿ ಅದರ ಹೆಸರು ಕಂಡರೆ ಅದು ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದೇ ದ್ವೀಪದ ಫೆರಾರಿ ವರ್ಲ್ಡ್, ವಾರ್ನರ್ ಬ್ರದರ್ಸ್ ವರ್ಲ್ಡ್‌ಗಳ ಹೆಚ್ಚಿನ ಆಟಗಳು ಹವಾನಿಯಂತ್ರಿತ ಚಾವಣಿಯಡಿ ಇರುವುದರಿಂದ ಬೇಸಿಗೆ ರಜೆಯಲ್ಲೂ ಆಡಬಹುದು.

ಪ್ಯಾಕೇಜ್ ಮಾರುವವರು ಮೂಲದಲ್ಲೇ ಸಂಗ್ರಹಿಸುವ ತೆರಿಗೆಯನ್ನು, ಅಂದರೆ ಟಿಸಿಎಸ್ ಅನ್ನು, ಬಿಲ್ಲಿಗೆ ಸೇರಿಸುತ್ತಾರೆ. ಇದು ಕಳೆದುಹೋದ ಹಣವಲ್ಲ, ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ನಮ್ಮ ಭಾಗದಲ್ಲಿ ಇದಕ್ಕೊಂದು ತೊಡಕಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ವಿವರವನ್ನೇ ಸಲ್ಲಿಸದ ಬೆಳೆಗಾರರು ಎಷ್ಟೋ ಜನರಿದ್ದಾರೆ. ಅವರು ಆ ವರ್ಷ ವಿವರ ಸಲ್ಲಿಸದಿದ್ದರೆ ಹಣ ವಾಪಸು ಬರುವುದಿಲ್ಲ. ಟಿಸಿಎಸ್ ಪ್ರಮಾಣಪತ್ರವನ್ನು ಕೇಳಿ ಪಡೆದು ಲೆಕ್ಕಪರಿಶೋಧಕರಿಗೆ ಕೊಡಿ.

ಅಮೆರಿಕದ ವಿಚಾರ ಬೇರೆಯೇ. ಪಾರ್ಕಿಗಾಗಿ ಹಾಸನದಿಂದ ವಾಲ್ಟ್ ಡಿಸ್ನಿ ವರ್ಲ್ಡ್ ಇರುವ ಫ್ಲೋರಿಡಾದ ಆರ್ಲ್ಯಾಂಡೊಗೆ ಹೋಗುವುದನ್ನು ಈ ಲೇಖನ ಶಿಫಾರಸು ಮಾಡುವುದಿಲ್ಲ. ಪ್ರವಾಸಿ ವೀಸಾದ ಅರ್ಜಿ ಶುಲ್ಕವೇ ತಲೆಗೆ 185 ಡಾಲರ್, ವೀಸಾ ಸಿಗದಿದ್ದರೂ ಅದು ಮರಳುವುದಿಲ್ಲ. ಮಗನೋ ಮಗಳೋ ಅಲ್ಲೇ ನೆಲೆಸಿ, ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋಗುವ ಹಿರಿಯರು ಮಾತ್ರ ಈ ಪ್ರಶ್ನೆ ಎದುರಿಸುತ್ತಾರೆ. ಅಂಥವರು ಮಕ್ಕಳಿಗೆ ನೇರವಾಗಿ ಹೇಳುವುದು ಒಳ್ಳೆಯದು: ನಮಗೆ ಮೆರವಣಿಗೆ, ದೀಪ, ಪಟಾಕಿ ನೋಡಲು ಒಂದು ದಿನ ಸಾಕು, ನಾಲ್ಕು ದಿನದ ಟಿಕೆಟ್ ಬೇಡ. ಬಾಯಿ ಬಿಟ್ಟು ಹೇಳದಿದ್ದರೆ, ಅಪ್ಪ ಅಮ್ಮನಿಗೆ ತೋರಿಸಲೇಬೇಕೆಂಬ ಪ್ರೀತಿಯಲ್ಲಿ ಅವರು ಅಷ್ಟೂ ದಿನದ ಟಿಕೆಟ್ ತೆಗೆದುಬಿಡುತ್ತಾರೆ.

ಏಳನೆಯ ಹೆಜ್ಜೆ: ದುಡ್ಡು ಎಲ್ಲಿಂದ

ಇದರಲ್ಲಿ ಹೆಚ್ಚು ಹೇಳಲು ಏನಿಲ್ಲ. ಚಿನ್ನವನ್ನು ಅಡವಿಟ್ಟು, ಸಂಘದ ಸಾಲ ತೆಗೆದು, ಕ್ರೆಡಿಟ್ ಕಾರ್ಡಿನ ಕಂತಿಗೆ ಬಿದ್ದು ಹೋಗಬೇಕಾದ ಪಾರ್ಕ್ ಯಾವುದೂ ಇಲ್ಲ. ಮೇಲಿನ 13,550 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,130 ರೂಪಾಯಿಯಷ್ಟು. ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ತೆರೆದರೆ ಮುಂದಿನ ಆಷಾಢಕ್ಕೆ ಹಣ ಕೈಗೆ ಬರುತ್ತದೆ. ಮಾಲಿನಲ್ಲಿ ಉಚಿತ ಕೂಪನ್ ಕೊಟ್ಟು ಕೂರಿಸಿ ವರ್ಷಗಟ್ಟಲೆಯ ರಜಾ ಸದಸ್ಯತ್ವ ಮಾರುವವರ ಮುಂದೆ ಅಂದೇ ಸಹಿ ಹಾಕಬೇಡಿ. ಪಾರ್ಕಿನ ವಾರ್ಷಿಕ ಪಾಸ್ ಕೂಡ ಬೆಂಗಳೂರಿನವರಿಗೆ ಹೊಂದೀತು, 170 ಕಿಲೋಮೀಟರ್ ದೂರದ ನಮಗೆ ಅಲ್ಲ.

ಎಂಟನೆಯ ಹೆಜ್ಜೆ: ಆ ದಿನದ ಕ್ರಮ

ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದು, ವಿದ್ಯಾರ್ಥಿಗಳ ರಿಯಾಯಿತಿಗೆ ಕೇಳುವ ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ. ಹಾಸನದಿಂದ ಬೆಳಗ್ಗೆ ಆರರೊಳಗೆ ಹೊರಟರೆ ತಿಂಡಿ ಮುಗಿಸಿಯೂ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಹುದು. ಚಿಕ್ಕಮಗಳೂರಿನವರು ಬೇಲೂರು ದಾಟಿ ಬರಬೇಕಾದ್ದರಿಂದ ಇನ್ನೂ ಒಂದೂಕಾಲು ಗಂಟೆ ಮುಂಚೆ ಏಳಬೇಕು. ತಿಂಡಿಗೂ ಮೊದಲ ರೈಡಿಗೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ, ಹೊಟ್ಟೆ ತುಂಬಿ ರೋಲರ್ ಕೋಸ್ಟರ್ ಹತ್ತಿದವರ ಅವಸ್ಥೆಯನ್ನು ಪಕ್ಕದಲ್ಲಿ ಕುಳಿತವರೇ ಅನುಭವಿಸಬೇಕಾಗುತ್ತದೆ. ಬಾಗಿಲು ತೆರೆದ ಕೂಡಲೇ ಹೆಚ್ಚಿನವರು ಎದುರಿಗೆ ಕಂಡ ರೈಡಿಗೇ ಸಾಲು ನಿಲ್ಲುತ್ತಾರೆ. ನೀವು ನಕ್ಷೆ ನೋಡಿಕೊಂಡು ಪಾರ್ಕಿನ ಹಿಂಭಾಗದ ದೊಡ್ಡ ರೈಡುಗಳಿಂದ ಆರಂಭಿಸಿ. ನೀರಿನ ಆಟಗಳು ಪಾರ್ಕಿಗಿಂತ ತಡವಾಗಿ ತೆರೆದು ಬೇಗ ಮುಚ್ಚುತ್ತವೆ, ಅವುಗಳ ವೇಳೆಯನ್ನು ಒಳಗೆ ಹೋದೊಡನೆ ನೋಡಿಟ್ಟುಕೊಂಡು ಬಿಸಿಲು ಏರಿದ ಮೇಲೆ ಅತ್ತ ಹೋಗಿ. ಎಲ್ಲರೂ ಊಟಕ್ಕೆ ಹೋಗುವ ಒಂದರಿಂದ ಎರಡು ಗಂಟೆಯ ನಡುವೆ ಆಡಿ, ಎರಡೂವರೆಗೆ ಊಟ ಮಾಡಿ. ಎಲ್ಲರ ಫೋನೂ ಲಾಕರಿನಲ್ಲಿರುವಾಗ ಒಬ್ಬರನ್ನೊಬ್ಬರು ಹುಡುಕುವುದು ಕಷ್ಟ, ಆದ್ದರಿಂದ ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಒಳಗೆ ಹೋದೊಡನೆ ಗೊತ್ತುಮಾಡಿ ಮಕ್ಕಳಿಗೆ ತೋರಿಸಿ.

ಹಿಂದಿರುಗುವ ಪ್ರಯಾಣವನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಿನವಿಡೀ ನೀರಿನಲ್ಲಿ ನೆನೆದು, ಬಿಸಿಲಿನಲ್ಲಿ ನಿಂತು ದಣಿದ ಮೇಲೆ ಕತ್ತಲಲ್ಲಿ ನಾಲ್ಕು ಗಂಟೆ ಕಾರು ಓಡಿಸುವುದು ಅಪಾಯಕಾರಿ. ಇನ್ನೊಬ್ಬರು ಓಡಿಸುವವರು ಜೊತೆಗಿದ್ದರೆ ಸರಿ, ಇಲ್ಲದಿದ್ದರೆ ಕುಣಿಗಲ್ಲಿನಲ್ಲೋ ಚನ್ನರಾಯಪಟ್ಟಣದಲ್ಲೋ ರಾತ್ರಿ ತಂಗಿ. ಅಲ್ಲಿನ ಕೊಠಡಿಗಳು ಪಾರ್ಕಿನ ಸುತ್ತಲಿನವುಗಳಿಗಿಂತ ಅಗ್ಗ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೆ ಇಳಿದಿರುವುದರಿಂದ ಬಿಲ್ಲಿನಲ್ಲಿ ಹಳೆಯ 12 ಶೇಕಡ ಹಾಕಿದ್ದಾರೆಯೇ ಎಂದು ನೋಡಿಕೊಳ್ಳಿ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯ ತೋಟದ ಮನೆಗಳವರಿಗೆ ಕೊನೆಯ ದಾರಿಯಲ್ಲಿ ಕಾಡಾನೆಗಳ ಸಂಚಾರವೂ ಇರುವುದರಿಂದ ಅವರು ನಡುರಾತ್ರಿ ಮನೆ ತಲುಪುವ ಯೋಜನೆಯನ್ನೇ ಹಾಕಿಕೊಳ್ಳಬಾರದು. ಕೊಠಡಿಯನ್ನು ಹೊರಡುವ ಮುನ್ನವೇ ಫೋನಿನಲ್ಲಿ ಗೊತ್ತುಮಾಡಿ, ರಾತ್ರಿ ಒಂಬತ್ತರ ಮೇಲೆ ಬರುತ್ತೇವೆಂದೂ ಅಷ್ಟು ಹೊತ್ತಿಗೆ ಬಿಸಿನೀರು ಬೇಕೆಂದೂ ಹೇಳಿಡಿ.